ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆರಳಿನ ಶಾಯಿ ಆರಿದ ಮೇಲೆ

ಪ್ರಜೆಯ ಹೊಣೆಗಾರಿಕೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕೊರಗನ್ನು ಬೇರೆ ಬೇರೆ ಮಾತುಗಳಲ್ಲಿ ತೋಡಿಕೊಂಡಿವೆ: ಮತ ಹಾಕಿದೆವು, ಆಮೇಲೆ ನಮ್ಮನ್ನು ಕೇಳುವವರಿಲ್ಲ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿಯೂ ದುಡಿದವನು. ಆ ಅನುಭವದಿಂದ ಹೇಳುವುದಾದರೆ, ನಮ್ಮ ಹೋಟೆಲು, ಅರಳಿಕಟ್ಟೆ, ಬಸ್ಸುಗಳಲ್ಲಿ ರಾಜಕೀಯದ ಮಾತಿಗೆ ಎಂದೂ ಬರ ಬಂದಿಲ್ಲ. ಯಾವ ಕೆಲಸಕ್ಕೆ ಯಾರು ಉತ್ತರ ಕೊಡಬೇಕು ಎಂಬ ತಿಳಿವಳಿಕೆಗೆ ಮಾತ್ರ ಬರಗಾಲ. ಈ ಸಲದ ಉತ್ತರಗಳೆಲ್ಲ ಆ ಸುತ್ತಲೇ ಇವೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಪಂಚಾಯಿತಿಯಲ್ಲಿ ಗ್ರಾಮಸಭೆ ಯಾವಾಗ ನಡೆಯುತ್ತದೆಂದು ಯಾರಿಗೂ ಗೊತ್ತಾಗುವುದಿಲ್ಲ. ವಿಚಾರಿಸಿದರೆ, ‘ಆಗಲೇ ಆಯಿತಲ್ಲ, ಫೋಟೊ ಇದೆ’ ಎನ್ನುತ್ತಾರೆ. ಮನೆ ಹಂಚಿಕೆಯ ಪಟ್ಟಿಯಲ್ಲಿ ಅನುಕೂಲಸ್ಥರ ಹೆಸರುಗಳೇ ತುಂಬಿವೆ. ಸಾಮಾನ್ಯ ಮತದಾರ ಇಲ್ಲಿ ಏನು ತಾನೇ ಮಾಡಬಹುದು?
(ಕಡೂರು ತಾಲ್ಲೂಕಿನ ಓದುಗರು)

ಉತ್ತರ: ಮಾನ್ಯರೆ, ತಮ್ಮನ್ನು ತಾವು ‘ಸಾಮಾನ್ಯ ಮತದಾರ’ ಎಂದು ಕರೆದುಕೊಂಡಿದ್ದೀರಿ. ಸಂವಿಧಾನ ತಮ್ಮನ್ನು ಹಾಗೆ ಕರೆದಿಲ್ಲ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿಯ ಪ್ರಕಾರ, ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಚುನಾಯಿತ ಸದಸ್ಯರ ಅವಧಿ ಐದು ವರ್ಷ. ತಮ್ಮ ಸದಸ್ಯತ್ವಕ್ಕೆ ಅಂಥ ಅವಧಿಯಿಲ್ಲ, ಪಟ್ಟಿಯಲ್ಲಿ ಹೆಸರಿರುವಷ್ಟು ಕಾಲವೂ ಅದು ಇರುತ್ತದೆ. ಕರ್ನಾಟಕದ ಕಾನೂನು ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಬೇಕೆನ್ನುತ್ತದೆ. ಅದಕ್ಕೆ ಮೊದಲು ವಾರ್ಡ್ ಸಭೆಗಳು ನಡೆದು, ಕಾಮಗಾರಿಗಳ ಬೇಡಿಕೆಯೂ ಫಲಾನುಭವಿಗಳ ಹೆಸರುಗಳೂ ಅಲ್ಲಿಂದ ಮೇಲೆ ಬರಬೇಕು. ಗ್ರಾಮಸಭೆಗೆ ಕೋರಂ ಕೂಡ ಇದೆ: ಒಟ್ಟು ಮತದಾರರಲ್ಲಿ ಹತ್ತನೆಯ ಒಂದು ಭಾಗ ಅಥವಾ ನೂರು ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಆದ್ದರಿಂದ ಹದಿನೈದು ಜನ ಬೆಂಚಿನ ಮೇಲೆ ಕುಳಿತ ಫೋಟೊ ಸಭೆ ನಡೆದುದಕ್ಕೆ ಪುರಾವೆಯಾಗದು. ನೂರು ಜನ ಬರಲಿಲ್ಲ ಎಂಬುದಕ್ಕೆ ಬೇಕಾದರೆ ಆದೀತು.

ನೋಡಬೇಕಾದದ್ದು ಎರಡು ಪುಸ್ತಕಗಳನ್ನು, ಒಂದು ಹಾಜರಿ ಪುಸ್ತಕ, ಇನ್ನೊಂದು ನಡಾವಳಿ ಪುಸ್ತಕ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಬಾಯಿಮಾತಿನಲ್ಲಿ ಕೇಳಿದರೆ ‘ನಾಳೆ ಬನ್ನಿ’ ಎಂಬ ಉತ್ತರ ಸಿಗುವ ಸಾಧ್ಯತೆಯೇ ಹೆಚ್ಚಾದ್ದರಿಂದ ಮಾಹಿತಿ ಹಕ್ಕಿನಡಿ ಬರವಣಿಗೆಯಲ್ಲಿ ಕೇಳಿರಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕುಟುಂಬದವರಾದರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು. ಹೀಗಾಗಿ ಊರಿನ ಇಪ್ಪತ್ತು ವರ್ಷಗಳ ಅನ್ಯಾಯವನ್ನೆಲ್ಲ ಅದರಲ್ಲಿ ತುಂಬಬೇಡಿ. ‘ಇಂಥ ದಿನದ ಗ್ರಾಮಸಭೆಯ ಹಾಜರಿ ಮತ್ತು ನಡಾವಳಿಯ ದೃಢೀಕೃತ ಪ್ರತಿ ಕೊಡಿ’ ಎಂಬ ಒಂದೇ ವಾಕ್ಯ ಬರೆಯಿರಿ. ಉತ್ತರಕ್ಕೆ 30 ದಿನಗಳ ಗಡುವಿದೆ. ಗಡುವು ಮೀರಿದರೆ ಆ ಪ್ರತಿಗಳನ್ನು ಉಚಿತವಾಗಿಯೇ ಕೊಡಬೇಕಾಗುತ್ತದೆ. ಉತ್ತರವೇ ಬರದಿದ್ದರೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ ಮಾಹಿತಿ ಆಯೋಗಕ್ಕೆ ಎರಡನೆಯದು. ಹಾಜರಿಯಲ್ಲಿ ತಮ್ಮ ಬೀದಿಯವರ ಸಹಿಗಳಿದ್ದು, ಅವರು ಸಭೆಗೆ ಹೋಗಿಯೇ ಇಲ್ಲವೆಂದರೆ, ಅಂಥ ನಾಲ್ಕಾರು ಮಂದಿಯ ಲಿಖಿತ ಹೇಳಿಕೆಯೊಂದಿಗೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿಗೆ ದೂರು ಕೊಡಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬರುವುದನ್ನು ಮರೆಯಬೇಡಿ. ಇದೇ ಮಾಹಿತಿ ಹಕ್ಕು ಕಾಯಿದೆಯಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಇನ್ನೊಂದು ಹಕ್ಕಿದೆ. ಕಾಗದಗಳನ್ನಷ್ಟೇ ಅಲ್ಲದೆ ನಡೆಯುತ್ತಿರುವ ಕಾಮಗಾರಿಯನ್ನೂ ಪ್ರಜೆ ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯಬಹುದು. ಚರಂಡಿಯ ಸಿಮೆಂಟು ಕೈಯಲ್ಲಿ ಉದುರುತ್ತಿದ್ದರೆ ಆ ಉದುರಿದ್ದನ್ನೇ ಅಧಿಕೃತವಾಗಿ ಕೇಳಬಹುದೆಂದು ಅರ್ಥ.

ಇಷ್ಟು ಹೇಳಿದ ಮೇಲೆ ಕಹಿಯಾದ ಇನ್ನೊಂದು ಮಾತನ್ನೂ ಹೇಳಬೇಕು. ನಾನು ಕಂಡಂತೆ, ಮನೆ ಅಥವಾ ನಿವೇಶನ ಹಂಚುವ ಸಭೆಗೆ ಬೀದಿ ತುಂಬ ಜನ ಸೇರುತ್ತಾರೆ. ಕ್ರಿಯಾ ಯೋಜನೆ ತಯಾರಿಸುವ ಸಭೆಗೆ ಬರುವವರನ್ನು ಬೆರಳಲ್ಲಿ ಎಣಿಸಬಹುದು. ಹಣ ಎಲ್ಲಿಗೆ ಹೋಗಬೇಕೆಂಬುದು ನಿರ್ಧಾರವಾಗುವುದು ಎರಡನೆಯದರಲ್ಲಿ. ಮೊದಲನೆಯದರ ಹೊತ್ತಿಗೆ ಆಗುವುದೆಲ್ಲ ಆಗಿರುತ್ತದೆ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಕೂಲಿಗೆ ಹೋಗುವವರು, ಅದರಲ್ಲೂ ಹೆಣ್ಣುಮಕ್ಕಳು, ಒಂದು ದಿನದ ಸಂಪಾದನೆ ಬಿಟ್ಟು ಬರಲಾರರು ಎಂಬುದೂ ನಿಜ. ಅದಕ್ಕಾಗಿ ಸಭೆಯ ಹೊತ್ತನ್ನು ಬದಲಿಸಿ ಎಂದು ಮೊದಲೇ ಬರೆದು ಕೊಡುವುದೂ ಒಂದು ನಾಗರಿಕ ಕೆಲಸವೇ. ಈ ಅಧಿಕಾರಗಳು ನಮಗೆ ಸುಮ್ಮನೆ ಬಂದವಲ್ಲ. ಬೋರ್‌ವೆಲ್‌ಗಳಿಂದಾಗಿ ಜನ ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದ ಅಬ್ದುಲ್ ನಜೀರ್ ಸಾಬ್ ಅವರು ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿದ್ದಾಗ ತಂದ 1983ರ ಕಾಯಿದೆಯಂತೆ, 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನಗಳು ಮೀಸಲಾದವು. ಸಂವಿಧಾನ ತಿದ್ದುಪಡಿ ಆ ದಾರಿ ಹಿಡಿದದ್ದು ಐದಾರು ವರ್ಷಗಳ ನಂತರ. ಆ ಕಾಯಿದೆಯ ಮಾತನ್ನು ವೇದಿಕೆಗಳಲ್ಲಿ ಅಭಿಮಾನದಿಂದ ಎತ್ತುವ ನಾವು, ಅದು ಬಾಗಿಲು ತೆರೆದ ಸಭೆಗೆ ಹೋಗಿ ಕೂರುವುದಿಲ್ಲ.

ಪ್ರಶ್ನೆ: ನಮ್ಮೂರಿನಲ್ಲಿ ಜಗಳವಾಗಬಾರದೆಂದು ಹಿರಿಯರು ಸೇರಿ ಪಂಚಾಯಿತಿ ಸ್ಥಾನವನ್ನು ಹರಾಜು ಹಾಕಿ, ಹೆಚ್ಚು ಕೂಗಿದವರನ್ನು ‘ಅವಿರೋಧ ಆಯ್ಕೆ’ ಮಾಡುತ್ತಾರೆ. ಹಣವೆಲ್ಲ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹೋಗುತ್ತದೆ, ಯಾರ ಜೇಬಿಗೂ ಹೋಗುವುದಿಲ್ಲ. ಇದರಲ್ಲಿ ತಪ್ಪೇನು?
(ಬಳ್ಳಾರಿ ಜಿಲ್ಲೆಯ ಓದುಗರು)

ಉತ್ತರ: ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿದ್ದೀರಿ. ಉತ್ತರವನ್ನೂ ನೇರವಾಗಿಯೇ ಕೊಡುತ್ತೇನೆ: ಇದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 169ನೆಯ ಕಲಮು ‘ಚುನಾವಣಾ ಹಕ್ಕು’ ಎಂದರೆ ಮತ ಹಾಕುವ ಹಕ್ಕೊಂದೇ ಎನ್ನುವುದಿಲ್ಲ. ಸ್ಪರ್ಧಿಸುವ, ಸ್ಪರ್ಧಿಸದಿರುವ, ನಾಮಪತ್ರ ಹಿಂತೆಗೆದುಕೊಳ್ಳುವ ಹಕ್ಕುಗಳನ್ನೂ ಅದರೊಳಗೆ ಸೇರಿಸುತ್ತದೆ. ಮುಂದಿನ ಕಲಮಿನಂತೆ ಈ ಹಕ್ಕನ್ನು ಹೀಗೆ ಅಥವಾ ಹಾಗೆ ಬಳಸಲೆಂದು ಏನನ್ನಾದರೂ ಕೊಡುವುದೂ ಪಡೆಯುವುದೂ ಲಂಚ, ಮತ್ತು ಅದಕ್ಕೆ ಒಂದು ವರ್ಷದವರೆಗಿನ ಸೆರೆವಾಸವನ್ನು ವಿಧಿಸಬಹುದು. ಉಳಿದವರು ನಾಮಪತ್ರ ಹಾಕದಿರಲೆಂದು ಕಟ್ಟುವ ಹಣ ದೇವರ ಹುಂಡಿಗೆ ಬಿದ್ದರೂ ಕೊಟ್ಟ ಉದ್ದೇಶ ಬದಲಾಗುವುದಿಲ್ಲ. 2020ರ ಡಿಸೆಂಬರ್‌ನ ಪಂಚಾಯಿತಿ ಚುನಾವಣೆಯ ಹೊತ್ತಿನಲ್ಲೂ ತಮ್ಮ ಕಡೆಯ ಜಿಲ್ಲೆಗಳಿಂದ ಇಂಥ ಹರಾಜಿನ ಸುದ್ದಿಗಳು ಬಂದಿದ್ದವು.

ಕಾನೂನನ್ನು ಬದಿಗಿಟ್ಟು ನೋಡೋಣ. ಹಿರಿಯರು ಮಾರಿದ ವಸ್ತು ಅವರದೇ ಆಗಿತ್ತೇ? ಊರಿನ ಸುಮಾರು ನಾನೂರು ಜನಕ್ಕೆ ಒಬ್ಬರಂತೆ ಇರುವ ಆ ಸ್ಥಾನದ ಹಿಂದೆ ಕೂಗಿಗೆ ಕರೆಯದೆ ಬಿಟ್ಟ ಕೇರಿಯವರೂ ಇದ್ದಾರೆ, ಹೆಂಗಸರೂ ಇದ್ದಾರೆ. ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಹರಾಜಿನ ದಿನ ಆ ಸ್ಥಾನಕ್ಕೆ ಕೂಗುವವರು ಗಂಡನೋ ಮಾವನೋ ಆಗಿರುತ್ತಾರೆ, ಸದಸ್ಯೆಯಾಗುವಾಕೆಯ ಹೆಸರು ಕೊನೆಗೆ ಬರುತ್ತದೆ. ಇನ್ನು, ಲಕ್ಷಗಟ್ಟಲೆ ಕೂಗಿ ಗೆದ್ದವರು ಆ ಹಣವನ್ನು ಸದಸ್ಯರ ಗೌರವಧನದಿಂದ ಹಿಂದಕ್ಕೆ ಪಡೆಯಲಾರರೆಂಬುದು ತಮಗೂ ತಿಳಿದಿದೆ. ದೇವಸ್ಥಾನದ ಗೋಪುರಕ್ಕೆ ಹೋದದ್ದು ಚರಂಡಿಯ ಸಿಮೆಂಟಿನಲ್ಲಿ ವಾಪಸಾಗುತ್ತದೆ. ಜಗಳ ಬೇಡವೆಂಬ ಹಿರಿಯರ ಆಸೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಪಂಚಾಯಿತಿ ಚುನಾವಣೆಯಲ್ಲಿ ಮುರಿದ ಅಣ್ಣತಮ್ಮಂದಿರ ಮನೆಗಳನ್ನು ನಾನೂ ಬಲ್ಲೆ. ಒಮ್ಮತ ಬೇಕೆಂದಿದ್ದರೆ, ಹಣದ ಮಾತಿಲ್ಲದೆ ಎಲ್ಲ ಕೇರಿಯವರನ್ನೂ ಕೂರಿಸಿ ಮಾತಾಡಿ, ಆಮೇಲೆಯೂ ಯಾರಾದರೂ ಸ್ಪರ್ಧಿಸುತ್ತೇನೆಂದರೆ ಅವರಿಗೆ ಬಹಿಷ್ಕಾರ, ದಂಡಗಳ ಬೆದರಿಕೆ ಹಾಕದಿರುವುದು ಒಂದೇ ದಾರಿ. ಆ ಒಮ್ಮತಕ್ಕೆ ಹರಾಜಿನಷ್ಟು ಸುಲಭವಾಗಿ ಸಹಿ ಬೀಳದು.

ಪ್ರಶ್ನೆ: ನೋಟಾಕ್ಕೆ (‘ಮೇಲಿನ ಯಾರೂ ಅಲ್ಲ’) ಅಭ್ಯರ್ಥಿಗಳಿಗಿಂತ ಹೆಚ್ಚು ಮತ ಬಂದರೆ ಮರುಚುನಾವಣೆ ಆಗುತ್ತದೆಯೇ?
(ಪುತ್ತೂರಿನ ಓದುಗರು)

ಉತ್ತರ: ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಆಗುವುದಿಲ್ಲ. ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ಗೆದ್ದಂತೆ. 2013ರ ಸೆಪ್ಟೆಂಬರ್ 27ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ನೋಟಾ ಗುಂಡಿಯನ್ನು ಕೊಡಿಸಿದ್ದು ಮುಖ್ಯವಾಗಿ ಗೌಪ್ಯತೆಗಾಗಿ. ಅದಕ್ಕೂ ಮೊದಲು ಯಾರಿಗೂ ಮತ ಹಾಕಲಾರೆ ಎನ್ನುವವರು ನಮ್ಮಂಥ ಅಧ್ಯಕ್ಷಾಧಿಕಾರಿಗಳ ಎದುರಿಗೆ, ಪಕ್ಷಗಳ ಏಜೆಂಟರು ನೋಡುತ್ತಿರುವಂತೆಯೇ ರಿಜಿಸ್ಟರಿನಲ್ಲಿ ಅದನ್ನು ಬರೆಸಿ ಸಹಿ ಮಾಡಬೇಕಿತ್ತು. ಹಳ್ಳಿಯಲ್ಲಿ ಅಷ್ಟು ಧೈರ್ಯ ಯಾರಿಗಿರುತ್ತದೆ?

ಪ್ರಶ್ನೆ: ನನ್ನ ಹೆಸರು ಇಂದಿಗೂ ಹುಬ್ಬಳ್ಳಿಯ ಮತದಾರರ ಪಟ್ಟಿಯಲ್ಲಿದೆ. ಎಂಟು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇನೆ. ಇಲ್ಲಿನ ರಸ್ತೆಗುಂಡಿ, ಕಸದ ಬಗ್ಗೆ ಜಾಲತಾಣಗಳಲ್ಲಿ ಬರೆದು ಬರೆದು ಸಾಕಾಗಿದೆ. ನನ್ನ ಒಂದು ಮತದಿಂದ ಏನಾದೀತು?
(ಬೆಂಗಳೂರಿನ ಓದುಗರು)

ಉತ್ತರ: ಸದ್ಯಕ್ಕೆ ಬೆಂಗಳೂರಿನ ಲೆಕ್ಕದಲ್ಲಿ ತಮ್ಮ ಮತ ಒಂದೂ ಅಲ್ಲ, ಸೊನ್ನೆ. ಕಾನೂನಿನ ಕಣ್ಣಿನಲ್ಲಿ ಮತದಾರರು ತಾವು ಸಾಮಾನ್ಯವಾಗಿ ವಾಸಿಸುವ ಕ್ಷೇತ್ರದಲ್ಲೇ ನೋಂದಾಯಿಸಿಕೊಂಡಿರಬೇಕು, ಎರಡು ಕಡೆ ಹೆಸರಿರಕೂಡದು. ವಿಳಾಸ ಬದಲಾವಣೆಗೆ ನಮೂನೆ 8, ಹೊಸ ಸೇರ್ಪಡೆಗೆ ನಮೂನೆ 6, ಹೆಸರು ತೆಗೆಯಲು ನಮೂನೆ 7. ತಾವು ತುಂಬಬೇಕಾದದ್ದು ನಮೂನೆ 8 ಮಾತ್ರ. ಮನೆಯಲ್ಲಿ ಹದಿನೆಂಟು ತುಂಬುವ ಮಕ್ಕಳಿದ್ದರೆ ಜನವರಿ 1ರ ತನಕ ಕಾಯುವ ಹಳೆಯ ಪದ್ಧತಿ ಈಗಿಲ್ಲ, 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳೂ ಅರ್ಹತಾ ದಿನಾಂಕಗಳಾಗಿವೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಇಡೀ ರಾಜ್ಯದ ಮತದಾನ ಶೇಕಡ 73ನ್ನು ದಾಟಿದಾಗ ಬೆಂಗಳೂರು ನಗರ ಅರ್ಧವನ್ನು ಸ್ವಲ್ಪ ಮೀರಿ ನಿಂತಿತು. ಬೆಂಗಳೂರಿನವರು ಸೋಮಾರಿಗಳೆಂದು ಇದಕ್ಕೆ ಷರಾ ಬರೆದುಬಿಡುವುದು ಸುಲಭ. ಬಾಡಿಗೆ ಮನೆ ಬದಲಿಸಿದ ಪಟ್ಟಿ ಬದಲಿಸದ ತಮ್ಮಂಥವರು, ಎರಡು ಕಡೆ ಹೆಸರಿರುವವರು, ತೀರಿಕೊಂಡರೂ ಪಟ್ಟಿಯಲ್ಲಿ ಉಳಿದವರು, ಇವರೆಲ್ಲ ಆ ಲೆಕ್ಕದೊಳಗೆ ಸೇರಿರುತ್ತಾರೆ ಎಂಬುದು ಮತದಾರರ ಪಟ್ಟಿ ಹಿಡಿದು ದಿನವಿಡೀ ಕುಳಿತ ನನ್ನ ಅನುಭವ. ಮನೆಬಾಗಿಲಿಗೆ ಬರುವ ಮತಗಟ್ಟೆ ಮಟ್ಟದ ಅಧಿಕಾರಿಗಳಾದ ಬಿಎಲ್‌ಒಗಳಿಗೆ, ಅವರು ಬಹುಮಟ್ಟಿಗೆ ಅಂಗನವಾಡಿ ಕಾರ್ಯಕರ್ತೆಯರೋ ಶಿಕ್ಷಕರೋ ಆಗಿರುತ್ತಾರೆ, ಐದು ನಿಮಿಷ ನಿಂತು ಉತ್ತರ ಕೊಟ್ಟರೆ ಪಟ್ಟಿಯ ಅರ್ಧ ಕಾಯಿಲೆ ವಾಸಿಯಾಗುತ್ತದೆ.

ರಸ್ತೆಗುಂಡಿಯ ಮಾತಿಗೆ ಬರೋಣ. ಗುಂಡಿ ಬಿದ್ದಾಗ ನಾವು ಸಂಸದರನ್ನು ಬೈಯುತ್ತೇವೆ, ಶಾಸಕರಿಗೆ ಫೋನು ಮಾಡುತ್ತೇವೆ. ಬಡಾವಣೆಯ ರಸ್ತೆ, ಕಸ, ಬೀದಿದೀಪಗಳಿಗೆ ಮೊದಲು ಉತ್ತರ ಕೊಡಬೇಕಾದದ್ದು ನಗರ ಪಾಲಿಕೆ. ಆ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಬಳಿಕ, ಕೋಟಿ ದಾಟಿದ ಜನಸಂಖ್ಯೆಯ ಈ ನಗರವನ್ನು ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು. ವಾರ್ಡಿನ ಪ್ರತಿನಿಧಿಯೇ ಇಲ್ಲದಿದ್ದಾಗ ಬೀದಿಯ ಗುಂಡಿಗೆ ಶಾಸಕರ ಕಾಲು ಹಿಡಿಯದೆ ಬೇರೆ ದಾರಿಯೂ ಇರಲಿಲ್ಲ ಎನ್ನಿ. ಆದರೆ ಗುಂಡಿಯ ಬಗ್ಗೆ ಬರೆದಷ್ಟು ಬಾರಿ ನಾವು ‘ನಮ್ಮ ಪಾಲಿಕೆಯ ಚುನಾವಣೆ ಎಲ್ಲಿ?’ ಎಂದು ಬರೆದೆವೇ? 74ನೆಯ ತಿದ್ದುಪಡಿ ದೊಡ್ಡ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಹೇಳುತ್ತದೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ತಿಳಿದಿದೆ? ತಮ್ಮ ಸಿಟ್ಟು ನ್ಯಾಯವಾದದ್ದೇ. ಅದಕ್ಕೆ ಸರಿಯಾದ ವಿಳಾಸವನ್ನು ಬರೆದು ಅಂಚೆಗೆ ಹಾಕಬೇಕು.

ಪ್ರಶ್ನೆ: ಮಸ್ಕತ್‌ನಲ್ಲಿ ದುಡಿಯುತ್ತಿರುವ ಕುಂದಾಪುರದವನು ನಾನು. ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಮತ ಹಾಕಬಹುದೇ?

ಉತ್ತರ: ಇಲ್ಲ. ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿ ಭಾರತೀಯರು ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದಲ್ಲಿ ಹೆಸರು ಸೇರಿಸಬಹುದು. ಆದರೆ ಮತದಾನದ ದಿನ ಮೂಲ ಪಾಸ್‌ಪೋರ್ಟಿನೊಂದಿಗೆ ತಾವೇ ಮತಗಟ್ಟೆಗೆ ಬರಬೇಕು. ವಿಮಾನದ ದರ ನೋಡಿದರೆ ಇದು ಎಲ್ಲರಿಗೂ ನಿಲುಕುವ ಮಾತಲ್ಲವೆಂದು ಬಲ್ಲೆ; ಸದ್ಯದ ನಿಯಮ ಇಷ್ಟೇ.

ಪ್ರಶ್ನೆ: ಮತದಾನ ಮೂಲಭೂತ ಕರ್ತವ್ಯವಲ್ಲವೇ? ಹಾಕದವರಿಗೆ ಪಡಿತರ, ಸೌಲಭ್ಯ ನಿಲ್ಲಿಸಿದರೆ ಎಲ್ಲರೂ ಬುದ್ಧಿ ಕಲಿಯುತ್ತಾರೆ. ತಮ್ಮ ಅಭಿಪ್ರಾಯವೇನು?
(ಧಾರವಾಡದ ವಿದ್ಯಾರ್ಥಿ)

ಉತ್ತರ: ಪ್ರಿಯ ವಿದ್ಯಾರ್ಥಿ, ಸಂವಿಧಾನದ 51ಎ ವಿಧಿಯನ್ನು ಒಮ್ಮೆ ತೆರೆದು ಓದಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೆಯ ತಿದ್ದುಪಡಿಯ ಮೂಲಕ ಹತ್ತು ಕರ್ತವ್ಯಗಳು ಅಲ್ಲಿ ಸೇರಿದವು. ಮಕ್ಕಳಿಗೆ ಶಿಕ್ಷಣ ಕೊಡಿಸುವ ಹನ್ನೊಂದನೆಯದು 2002ರಲ್ಲಿ ಬಂತು. ಸಾರ್ವಜನಿಕ ಆಸ್ತಿಯ ರಕ್ಷಣೆ ಅಲ್ಲಿದೆ, ಕೆರೆ, ನದಿ, ಕಾಡುಗಳ ರಕ್ಷಣೆ ಇದೆ, ವೈಜ್ಞಾನಿಕ ಮನೋಭಾವವೂ ಇದೆ. ಮತದಾನ ಇಲ್ಲ. ಸ್ವರ್ಣ ಸಿಂಗ್ ಸಮಿತಿ ಸೂಚಿಸಿದ್ದ ತೆರಿಗೆ ಕಟ್ಟುವ ಕರ್ತವ್ಯವೂ ಪಟ್ಟಿಗೆ ಸೇರಲಿಲ್ಲ. ಮತದಾನವನ್ನು ಕಡ್ಡಾಯ ಮಾಡುವ ಪ್ರಯೋಗಕ್ಕೆ ಗುಜರಾತ್ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಕೈಹಾಕಿತು, 2015ರಲ್ಲಿ ಅಲ್ಲಿನ ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು.

ಪಡಿತರ ನಿಲ್ಲಿಸುವ ಮಾತನ್ನು ನಾನು ಒಪ್ಪಲಾರೆ. ಆ ಶಿಕ್ಷೆ ತಟ್ಟುವುದು ಪಡಿತರವನ್ನೇ ನಂಬಿದವರಿಗೆ, ಅಂದರೆ ಸುಗ್ಗಿಯ ಹೊತ್ತಿನಲ್ಲಿ ಕಬ್ಬು ಕಡಿಯಲು ಗುಳೆ ಹೋದ ಕುಟುಂಬಕ್ಕೆ. ಮತದಾನದ ರಜೆಗೆ ರೆಸಾರ್ಟು ಕಾಯ್ದಿರಿಸುವವರಿಗೆ ಪಡಿತರದ ಹಂಗೇ ಇಲ್ಲ. ಅದಿರಲಿ, ರಾಜಕೀಯ ತಿಳಿವಳಿಕೆಯನ್ನು ಮತದಾನದ ಶೇಕಡಾವಾರಿನಿಂದ ಅಳೆಯುವುದೇ ನನಗೆ ಅನುಮಾನದ ಸಂಗತಿ. ಡಾ. ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ, ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾಗಬಹುದು, ರಾಜಕೀಯದಲ್ಲಿ ವ್ಯಕ್ತಿಪೂಜೆ ಮಾತ್ರ ಅವನತಿಗೂ ಕೊನೆಗೆ ಸರ್ವಾಧಿಕಾರಕ್ಕೂ ಒಯ್ಯುವುದು ಖಚಿತ ಎಂಬ ಅರ್ಥದ ಎಚ್ಚರಿಕೆ ಕೊಟ್ಟಿದ್ದರು. ತಪ್ಪದೆ ಮತ ಹಾಕುವ ಭಕ್ತರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಅವರಲ್ಲಿ ತಮ್ಮ ಅಭ್ಯರ್ಥಿಯ ಪ್ರಮಾಣಪತ್ರ ಓದಿದವರು ಎಷ್ಟು? 2002 ಮತ್ತು 2003ರ ಸುಪ್ರೀಂ ಕೋರ್ಟಿನ ತೀರ್ಪುಗಳಿಂದಾಗಿ ಅಭ್ಯರ್ಥಿಗಳು ತಮ್ಮ ಮೇಲಿನ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾಭ್ಯಾಸಗಳನ್ನು ಪ್ರಮಾಣೀಕರಿಸಿ ಹೇಳಲೇಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಅದು ಯಾರಿಗಾದರೂ ಸಿಗುತ್ತದೆ. ಮುಂದಿನ ಚುನಾವಣೆಯಲ್ಲಿ ತಾವು ನಾಲ್ಕು ಜನ ಸ್ನೇಹಿತರು ಸೇರಿ, ತಮ್ಮ ಕ್ಷೇತ್ರದ ಅಭ್ಯರ್ಥಿಗಳ ಹಿಂದಿನ ಮತ್ತು ಈಗಿನ ಪ್ರಮಾಣಪತ್ರಗಳನ್ನು ಅಕ್ಕಪಕ್ಕ ಇಟ್ಟು ಐದು ವರ್ಷಗಳಲ್ಲಿ ಯಾರ ಆಸ್ತಿ ಎಷ್ಟು ಬೆಳೆಯಿತೆಂದು ಹಾಸ್ಟೆಲ್ಲಿನ ಗೋಡೆಗೆ ಅಂಟಿಸಿ ನೋಡಿ. ಪಡಿತರ ನಿಲ್ಲಿಸುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡೀತು.

ಪ್ರಶ್ನೆ: ನಾನು ಯಾರಿಗೆ ಮತ ಹಾಕಿದೆನೆಂದು ಮೆಷಿನ್‌ನಲ್ಲಿ ಗೊತ್ತಾಗುತ್ತದೆ ಎಂದು ನಮ್ಮ ಯಜಮಾನರು ಹೆದರಿಸುತ್ತಾರೆ. ನಿಜವೇ?
(ಓದುಗರೊಬ್ಬರು, ಊರೂ ಬೇಡ ಎಂದಿದ್ದಾರೆ)

ಉತ್ತರ: ತಾಯಿ, ನಿಜವಲ್ಲ. ಮತಯಂತ್ರ ಯಾರಿಗೆ ಎಷ್ಟು ಮತ ಬಿತ್ತೆಂದು ಎಣಿಸುತ್ತದೆ, ಯಾರು ಹಾಕಿದರೆಂಬುದು ಅದಕ್ಕೆ ಗೊತ್ತಿರುವುದಿಲ್ಲ. ಪಕ್ಕದ ವಿವಿಪ್ಯಾಟ್‌ನಲ್ಲಿ ಏಳು ಸೆಕೆಂಡು ಕಾಣಿಸಿ ಒಳಗೆ ಬೀಳುವ ಚೀಟಿಯಲ್ಲಿ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುತ್ತವೆಯೇ ಹೊರತು ತಮ್ಮ ಹೆಸರಿರುವುದಿಲ್ಲ. ಒಂದು ವಿಷಯವನ್ನು ಮುಚ್ಚಿಡಬಾರದು: ಎಣಿಕೆಯಾದ ಮೇಲೆ ಯಾವ ಮತಗಟ್ಟೆಯಲ್ಲಿ ಯಾರಿಗೆ ಒಟ್ಟು ಎಷ್ಟು ಮತ ಬಿತ್ತೆಂಬುದು ಹೊರಗೆ ತಿಳಿಯುತ್ತದೆ. ‘ನಿಮ್ಮ ಬೂತಿನವರು ಕೈಕೊಟ್ಟಿರಿ’ ಎಂದು ಮುಖಂಡರು ಗದರುವುದು ಅದರ ಬಲದಿಂದ. ಸಾವಿರ ಜನರಲ್ಲಿ ತಾವು ಯಾರಿಗೆ ಹಾಕಿದಿರೆಂದು ಅದರಿಂದ ತಿಳಿಯುವ ದಾರಿಯಿಲ್ಲ.

1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ಸಿದ್ಧಪಡಿಸುವಾಗ, ಉತ್ತರದ ರಾಜ್ಯಗಳಲ್ಲಿ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅವರು ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಆಗ ಅದು ಕಠಿಣವೆನಿಸಿದರೂ ಮುಂದಿನ ಚುನಾವಣೆಗಳಲ್ಲಿ ಅವರ ಹೆಸರುಗಳು ಬಂದವು. ತಮ್ಮ ಹೆಸರು ತಮ್ಮದೇ ಆಗಿ ಪಟ್ಟಿಯಲ್ಲಿದೆ. ನಾನು ಅಧ್ಯಕ್ಷಾಧಿಕಾರಿಯಾಗಿದ್ದ ಒಂದು ಮತಗಟ್ಟೆಯಲ್ಲಿ, ಕಣ್ಣು ಚೆನ್ನಾಗಿಯೇ ಕಾಣುತ್ತಿದ್ದ ಹೆಂಡತಿಗೆ ‘ತೋರಿಸಿಕೊಡುತ್ತೇನೆ’ ಎಂದು ಒಬ್ಬರು ಮರೆಯೊಳಗೆ ಹೊರಟಾಗ ತಡೆದು ನಿಲ್ಲಿಸಿದೆ. ಆಕೆ ಒಬ್ಬರೇ ಒಳಗೆ ಹೋಗಿ, ನಮ್ಮ ಲೆಕ್ಕದಲ್ಲಿ ತುಸು ಹೆಚ್ಚೇ ಹೊತ್ತು ನಿಂತು, ಬೀಪ್ ಶಬ್ದವಾದ ಮೇಲೆ ಹೊರಗೆ ಬಂದರು. ಯಜಮಾನರು ಬಾಗಿಲಲ್ಲೇ ‘ಯಾವುದು ಒತ್ತಿದೆ?’ ಎಂದರು. ಆಕೆ, ‘ನೀವು ಹೇಳಿದ್ದೇ’ ಎಂದು ಸೆರಗು ಸರಿಪಡಿಸಿಕೊಂಡು ಮುಂದೆ ನಡೆದರು.